ಅಡ್ರಿನಲ್ ಗ್ರಂಥಿ ಮತ್ತು ಕಾರ್ಟಿಸಾಲಿನ ಅತಿರೇಕ: ಒಂದು ಚಾರಿತ್ರಿಕ ವಿವೇಚನೆ

ಚರಿತ್ರೆಯನ್ನು ಬೋಧಿಸುವವರು ಶರೀರಶಾಸ್ತ್ರದ ವಿಷಯವೊಂದನ್ನು ಎತ್ತಿಕೊಂಡು ಬರೆಯಲು ತೊಡಗಿದರೆ ಅದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಶಾಸನಗಳ ಕಾಲನಿರ್ಣಯವನ್ನೂ ರಾಜವಂಶಗಳ ಏಳುಬೀಳುಗಳನ್ನೂ ಚರ್ಚಿಸಬೇಕಾದ ಪತ್ರಿಕೆಯಲ್ಲಿ, ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತಿರುವ ಪುಟ್ಟ ಗ್ರಂಥಿಯೊಂದಕ್ಕೆ ಏನು ಸ್ಥಾನವೆಂದು ಅವರು ಕೇಳಬಹುದು. ಇದಕ್ಕೆ ನಮ್ಮ ಸಮಾಧಾನ ಇಷ್ಟೇ: ಒಂದು ರೋಗವನ್ನು ಮನುಷ್ಯನು ಗುರುತಿಸಿದ್ದು ಹೇಗೆ, ಆ ಅರಿವಿನಿಂದ ಔಷಧವೊಂದು ಹುಟ್ಟಿದ್ದು ಹೇಗೆ, ಆ ಔಷಧವು ಅಗ್ಗವಾಗಿ ಮನೆಮನೆಯನ್ನು ಸೇರಿದ್ದು ಹೇಗೆ, ಕೊನೆಗೆ ಅದೇ ಔಷಧವು ಹಳೆಯ ರೋಗವನ್ನು ಹೊಸ ದಾರಿಯಿಂದ ಒಳಗೆ ಕರೆತಂದದ್ದು ಹೇಗೆ ಎಂಬಿವೆಲ್ಲವೂ ಚರಿತ್ರೆಯ ಪ್ರಶ್ನೆಗಳೇ ಆಗಿವೆ. ಚಿಕಿತ್ಸೆಯನ್ನು ಹೇಳುವುದು ವೈದ್ಯರ ಕೆಲಸ. ಆ ಚಿಕಿತ್ಸೆ ನಮ್ಮ ಬಳಿಗೆ ಬಂದ ದಾರಿಯನ್ನು ತೋರಿಸುವುದಷ್ಟೇ ನಮ್ಮ ಉದ್ದೇಶ.

ಈ ವಿಷಯದ ಕಡೆಗೆ ನಮ್ಮ ಗಮನವನ್ನು ಸೆಳೆದದ್ದು ವೈಟ್‌ಫೀಲ್ಡಿನಲ್ಲಿ ನಮ್ಮ ನೆರೆಮನೆಯಲ್ಲಿರುವ ಹಿರಿಯ ಹೆಂಗಸೊಬ್ಬರ ಅವಸ್ಥೆ. ಅವರಿಗೆ ಬಹುಕಾಲದಿಂದ ಮಂಡಿನೋವು. ಯಾರೋ ತಂದುಕೊಟ್ಟ ಹೆಸರಿಲ್ಲದ ಪುಡಿಯ ಪೊಟ್ಟಣಗಳನ್ನು ಅವರು ಒಂದು ವರ್ಷಕ್ಕೂ ಮೇಲ್ಪಟ್ಟು ಸೇವಿಸಿದರು. ನೋವು ಮಾಯವಾಯಿತು, ಹಸಿವು ಹೆಚ್ಚಿತು, ಮುಖವು ಉಬ್ಬಿ ದುಂಡಗಾಯಿತು. ‘ಈಗ ಮೈತುಂಬಿಕೊಂಡಿದ್ದೀರಿ’ ಎಂದು ಕಂಡವರೆಲ್ಲ ಸಂತೋಷಪಟ್ಟರು. ಆದರೆ ಅವರ ತೋಳು ತೊಡೆಗಳು ಸೊರಗುತ್ತಿದ್ದುದನ್ನೂ ಸ್ವಲ್ಪ ತಗುಲಿದರೂ ಚರ್ಮ ಕಂದುತ್ತಿದ್ದುದನ್ನೂ ಯಾರೂ ಗಮನಿಸಲಿಲ್ಲ. ಆ ಪುಡಿ ಒಳ್ಳೆಯದಲ್ಲವೆಂದು ಬಂಧುವೊಬ್ಬರು ಹೇಳಲು ಅವರು ಅದನ್ನು ಒಮ್ಮೆಗೇ ನಿಲ್ಲಿಸಿಬಿಟ್ಟರು. ಕೆಲವೇ ದಿನಗಳಲ್ಲಿ ವಾಂತಿ, ನಿತ್ರಾಣ, ಎದ್ದು ನಿಂತರೆ ಕಣ್ಣು ಕತ್ತಲೆ. ಒಂದು ಬೆಳಗ್ಗೆ ಅವರನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕಾಯಿತು. ಪುಡಿಯಲ್ಲಿ ಸ್ಟೆರಾಯ್ಡು ಬೆರೆತಿತ್ತೆಂದೂ, ಅದನ್ನು ತಿಂದದ್ದರಿಂದ ಒಂದು ಅಪಾಯವೂ ಥಟ್ಟನೆ ಬಿಟ್ಟದ್ದರಿಂದ ಇನ್ನೊಂದು ಅಪಾಯವೂ ಒದಗಿತೆಂದೂ ವೈದ್ಯರು ತಿಳಿಸಿದರು. ತಿಂದರೂ ಕೇಡು, ಬಿಟ್ಟರೂ ಕೇಡು ಎಂಬ ಈ ವಿಚಿತ್ರ ಸ್ಥಿತಿ ಉಂಟಾಗುವುದು ಹೇಗೆ? ಇದಕ್ಕೆ ಉತ್ತರ ಅಡ್ರಿನಲ್ ಗ್ರಂಥಿಯ ಚರಿತ್ರೆಯಲ್ಲಿಯೇ ಇದೆ.

1. ಗ್ರಂಥಿಯ ಸ್ವರೂಪ

ನಮ್ಮ ದೇಹದಲ್ಲಿ ಕೆಲವು ಗ್ರಂಥಿಗಳು ತಾವು ತಯಾರಿಸಿದ ರಸವನ್ನು ನಾಳದ ಮೂಲಕ ಹೊರಗೆ ಸುರಿಸುತ್ತವೆ. ಜೊಲ್ಲಿನ ಗ್ರಂಥಿಗಳು ಇದಕ್ಕೆ ನಿದರ್ಶನ. ಇನ್ನು ಕೆಲವಕ್ಕೆ ನಾಳವೆಂಬುದೇ ಇಲ್ಲ. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತವೆ. ಇವುಗಳಿಗೆ ನಿರ್ನಾಳ ಗ್ರಂಥಿಗಳೆಂದು ಹೆಸರು. ಇವುಗಳ ರಸವನ್ನು ಹಾರ್ಮೋನು ಎಂದು ಕರೆಯುತ್ತಾರೆ. ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗನು ಈ ಪದವನ್ನು ಬಳಕೆಗೆ ತಂದುದು 1905ರಲ್ಲಿ.

ಎರಡು ಮೂತ್ರಪಿಂಡಗಳ ಮೇಲೆ ಒಂದೊಂದರಂತೆ ಇರುವ ಅಡ್ರಿನಲ್ ಗ್ರಂಥಿಗಳು ಈ ವರ್ಗಕ್ಕೆ ಸೇರಿದವು. ಒಂದೊಂದರ ತೂಕವೂ ಸುಮಾರು ನಾಲ್ಕೈದು ಗ್ರಾಮು ಮಾತ್ರ. ಗ್ರಂಥಿಯನ್ನು ಸೀಳಿ ನೋಡಿದರೆ ಹೊರಗೆ ಹಳದಿ ಬಣ್ಣದ ತೊಗಟೆಯೂ ಒಳಗೆ ಕೆಂಗಂದಿನ ತಿರುಳೂ ಕಾಣುತ್ತವೆ. ಹುಟ್ಟಿನಿಂದಲೂ ಕಾರ್ಯದಿಂದಲೂ ಇವು ಬೇರೆಬೇರೆ ಅಂಗಗಳೆಂದೇ ಹೇಳಬೇಕು. ತಿರುಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ಕೊಡುತ್ತದೆ. ಹಾವನ್ನು ತುಳಿದೆವೆಂದು ಬೆಚ್ಚಿದಾಗ ಎದೆ ಹೊಡೆದುಕೊಳ್ಳುವುದೂ ಕೈಕಾಲು ತಣ್ಣಗಾಗುವುದೂ ಬಹುಮಟ್ಟಿಗೆ ಇದರ ಪ್ರಭಾವ. ಇದರ ಕೆಲಸ ಕ್ಷಣಗಳಲ್ಲಿ ಆರಂಭವಾಗಿ ನಿಮಿಷಗಳಲ್ಲಿ ಮುಗಿಯುತ್ತದೆ.

ತೊಗಟೆಯಲ್ಲಿ ಮೂರು ಪದರಗಳಿವೆ. ಹೊರಪದರದಲ್ಲಿ ಹುಟ್ಟುವ ಆಲ್ಡೋಸ್ಟಿರೋನು ದೇಹದ ಉಪ್ಪುನೀರಿನ ಲೆಕ್ಕವನ್ನು ನೋಡಿಕೊಳ್ಳುತ್ತದೆ. ನಡುಪದರದಲ್ಲಿ ಹುಟ್ಟುವುದು ಕಾರ್ಟಿಸಾಲು. ಒಳಪದರವು ಲೈಂಗಿಕ ಹಾರ್ಮೋನುಗಳ ಜಾತಿಗೆ ಸೇರಿದ ಕೆಲವು ವಸ್ತುಗಳನ್ನು ಕೊಡುತ್ತದೆ. ಇವೆಲ್ಲವೂ ಕೊಲೆಸ್ಟರಾಲೆಂಬ ಜಿಡ್ಡಿನ ವಸ್ತುವಿನಿಂದ ತಯಾರಾಗುವ ಸ್ಟೆರಾಯ್ಡುಗಳು.

ನಮ್ಮ ಪ್ರಸ್ತುತ ವಿಷಯ ಕಾರ್ಟಿಸಾಲು. ಇದು ಉಪವಾಸದಲ್ಲಿಯೂ ರೋಗದಲ್ಲಿಯೂ ರಕ್ತದ ಸಕ್ಕರೆ ಇಳಿಯದಂತೆ ಕಾಯುತ್ತದೆ. ಅದಕ್ಕಾಗಿ ಮಾಂಸಖಂಡದ ಸಾರವನ್ನು ಕರಗಿಸಿ ಸಕ್ಕರೆಯಾಗಿ ಮಾರ್ಪಡಿಸಲು ನೆರವಾಗುತ್ತದೆ. ರಕ್ತದ ಒತ್ತಡವನ್ನು ಎತ್ತಿಹಿಡಿಯುತ್ತದೆ. ದೇಹದ ರಕ್ಷಣಾಪಡೆ ಮಿತಿಮೀರಿ ಕೆರಳದಂತೆ ಅದನ್ನು ಹತೋಟಿಯಲ್ಲಿಡುತ್ತದೆ. ಸ್ವಸ್ಥ ಮನುಷ್ಯನಲ್ಲಿ ದಿನಕ್ಕೆ ತಯಾರಾಗುವ ಕಾರ್ಟಿಸಾಲು ಸುಮಾರು 10 ಮಿಲಿಗ್ರಾಮು. ಇಷ್ಟು ಅಲ್ಪಪ್ರಮಾಣವಾದರೂ ಅದಕ್ಕೊಂದು ಕಾಲನಿಯಮವುಂಟು. ಬೆಳಗಿನ ಜಾವದಲ್ಲಿ ಏರತೊಡಗಿ, ಎಚ್ಚರವಾಗುವ ಹೊತ್ತಿಗೆ ಅತ್ಯಧಿಕವಾಗಿದ್ದು, ಹಗಲೆಲ್ಲ ಇಳಿಯುತ್ತ, ನಡುರಾತ್ರಿಯ ಹೊತ್ತಿಗೆ ಅದು ಕನಿಷ್ಠಮಟ್ಟವನ್ನು ಮುಟ್ಟುತ್ತದೆ.

ಈ ಪ್ರಮಾಣವನ್ನು ನಿಯಂತ್ರಿಸುವ ಅಧಿಕಾರ ಗ್ರಂಥಿಗೇ ಇಲ್ಲ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಭಾಗವು ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿಯು ಎ.ಸಿ.ಟಿ.ಎಚ್. ಎಂಬ ಹಾರ್ಮೋನಿನ ಮೂಲಕ ಅಡ್ರಿನಲಿಗೆ ಅಪ್ಪಣೆ ಕಳುಹಿಸುತ್ತದೆ. ರಕ್ತದಲ್ಲಿ ಕಾರ್ಟಿಸಾಲು ಸಾಕಷ್ಟು ಕಂಡುಬಂದೊಡನೆ ಮೇಲಿನ ಅಪ್ಪಣೆ ನಿಲ್ಲುತ್ತದೆ. ಕೆರೆ ತುಂಬಿದಾಗ ತೂಬನ್ನು ಮುಚ್ಚುವ ನೀರಗಂಟಿಯ ಕೆಲಸದಂತೆ ಇದು. ಆದರೆ ಈ ನೀರಗಂಟಿಯು ನೀರಿನ ಮಟ್ಟವನ್ನು ಮಾತ್ರ ನೋಡುತ್ತಾನೆ. ನೀರು ಎಲ್ಲಿಂದ ಬಂದಿತೆಂದು ವಿಚಾರಿಸುವುದಿಲ್ಲ. ಮುಂದಿನ ಕಥೆಗೆ ಈ ಮಾತು ಮುಖ್ಯವಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

2. ಅಭಾವದಿಂದ ಬಂದ ಅರಿವು

ಅಡ್ರಿನಲ್ ಗ್ರಂಥಿಗಳನ್ನು ಮೊದಲು ವರ್ಣಿಸಿದ ಕೀರ್ತಿ ಇಟಲಿಯ ಅಂಗರಚನಾಶಾಸ್ತ್ರಜ್ಞ ಬಾರ್ತೊಲೊಮಿಯೊ ಯುಸ್ಟೇಕಿಯಸನಿಗೆ ಸಲ್ಲುತ್ತದೆ. ಕಾಲ 1563ರ ಸುಮಾರು. ವಿಜಯನಗರವು ಇನ್ನೂ ವೈಭವದಿಂದ ಮೆರೆಯುತ್ತಿದ್ದ, ರಕ್ಕಸಗಿ-ತಂಗಡಗಿಯ ಯುದ್ಧಕ್ಕೆ ಎರಡು ವರ್ಷ ಮುಂಚಿನ ಸಮಯ. ಅಂಗವೇನೋ ಕಂಡಿತು, ಅದರ ಪ್ರಯೋಜನ ಮಾತ್ರ ತಿಳಿಯಲಿಲ್ಲ. ಒಂದೂವರೆ ಶತಮಾನದ ಬಳಿಕ ಫ್ರಾನ್ಸಿನ ಬೋರ್ಡೊ ನಗರದ ವಿದ್ವತ್ಸಭೆಯು ಈ ಗ್ರಂಥಿಗಳ ಉಪಯೋಗವೇನೆಂಬ ಪ್ರಶ್ನೆಗೆ ಉತ್ತರ ಬರೆದವರಿಗೆ ಬಹುಮಾನವನ್ನು ಸಾರಿತು. ಬಂದ ಪ್ರಬಂಧಗಳನ್ನು ಕುರಿತು 1718ರಲ್ಲಿ ವರದಿ ಒಪ್ಪಿಸಿದವನು, ರಾಜ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತನಾದ ಮಾಂಟೆಸ್ಕ್ಯೂ. ಯಾವ ಉತ್ತರವೂ ಬಹುಮಾನಕ್ಕೆ ತಕ್ಕುದಲ್ಲವೆಂಬುದು ಅವನ ತೀರ್ಪು. ತಿಳಿಯದುದನ್ನು ತಿಳಿಯಿತೆಂದು ಹೇಳದ ಆ ತೀರ್ಪು ವಿದ್ವತ್ತಿಗೆ ಭೂಷಣವಾಗಿದೆ.

ಉತ್ತರದ ಮೊದಲ ಎಳೆ ದೊರೆತದ್ದು 1855ರಲ್ಲಿ. ಲಂಡನಿನ ಗೈ ಆಸ್ಪತ್ರೆಯ ವೈದ್ಯನಾದ ಥಾಮಸ್ ಅಡಿಸನ್ನನು ಆ ವರ್ಷ ಪ್ರಕಟಿಸಿದ ಗ್ರಂಥದಲ್ಲಿ ಹನ್ನೊಂದು ರೋಗಿಗಳ ವೃತ್ತಾಂತವಿದೆ. ದಿನೇದಿನೇ ನಿತ್ರಾಣ, ಹಸಿವಿಲ್ಲದಿರುವುದು, ದುರ್ಬಲವಾದ ನಾಡಿ, ಚರ್ಮದ ಬಣ್ಣ ಕಪ್ಪಾಗುವುದು, ಕಡೆಗೆ ಮರಣ. ಶವಪರೀಕ್ಷೆ ಮಾಡಿ ನೋಡಿದರೆ ಅಡ್ರಿನಲ್ ಗ್ರಂಥಿಗಳು ಕೆಟ್ಟುಹೋಗಿದ್ದುವು. ಕಾರಣ ಅನೇಕರಲ್ಲಿ ಕ್ಷಯ. ಮರುವರ್ಷವೇ ಬ್ರೌನ್-ಸೆಕಾರನು ಪ್ರಾಣಿಗಳಲ್ಲಿ ಈ ಗ್ರಂಥಿಗಳನ್ನು ತೆಗೆದುಹಾಕಿ, ಇವಿಲ್ಲದೆ ಜೀವ ನಿಲ್ಲದೆಂದು ತೋರಿಸಿದನು. 1894ರ ಸುಮಾರಿಗೆ ಆಲಿವರ್ ಮತ್ತು ಶೇಫರ್ ಎಂಬುವರು ಗ್ರಂಥಿಯ ಸಾರವು ರಕ್ತದ ಒತ್ತಡವನ್ನು ಏರಿಸುವುದನ್ನು ಕಂಡರು. 1901ರ ಹೊತ್ತಿಗೆ ಜಪಾನೀಯನಾದ ಜೋಕಿಚಿ ತಕಾಮಿನೆ ಅಮೆರಿಕದಲ್ಲಿ ಅಡ್ರಿನಲಿನನ್ನು ಹರಳುರೂಪದಲ್ಲಿ ಬೇರ್ಪಡಿಸಿದನು. ಆದರೆ ಅಡಿಸನ್ನನ ರೋಗಿಗಳಿಗೆ ಅದರಿಂದ ಉಪಶಮನ ದೊರೆಯಲಿಲ್ಲ. ಅವರಲ್ಲಿ ಇಲ್ಲದಿದ್ದುದು ತಿರುಳಿನ ರಸವಲ್ಲ, ತೊಗಟೆಯ ರಸ ಎಂಬುದು ನಿಶ್ಚಯವಾಗಲು ಇನ್ನೂ ಕೆಲವು ದಶಕಗಳು ಬೇಕಾದುವು. ಮುಂದೆ ತೊಗಟೆಯ ಹಾರ್ಮೋನುಗಳು ಮಾತ್ರೆಯಾಗಿ ದೊರೆತಮೇಲೆ ಈ ರೋಗವುಳ್ಳವರೂ ದೀರ್ಘಕಾಲ ಬಾಳುವಂತಾಯಿತು. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರು ಅಂಥವರಲ್ಲೊಬ್ಬರು.

3. ಅತಿರೇಕದ ರೋಗ

ಅಭಾವದ ಕಥೆ ಹೀಗಾದರೆ ಅತಿರೇಕದ ಕಥೆಯನ್ನು ಬರೆದವನು ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್. 1912ರಲ್ಲಿ ಪ್ರಕಟವಾದ ಪಿಟ್ಯುಟರಿ ಗ್ರಂಥಿಯ ಮೇಲಿನ ತನ್ನ ಪುಸ್ತಕದಲ್ಲಿ ಅವನು ಇಪ್ಪತ್ತಮೂರು ವರ್ಷದ ತರುಣಿಯೊಬ್ಬಳನ್ನು ವರ್ಣಿಸಿದನು. ದುಂಡುಮುಖ, ಬೊಜ್ಜುಗಟ್ಟಿದ ಒಡಲು, ಮುಖದ ಮೇಲೆ ಕೂದಲು, ಮುಟ್ಟು ನಿಂತಿರುವುದು, ಸುಲಭವಾಗಿ ಕಂದುವ ಚರ್ಮ. ಇಪ್ಪತ್ತು ವರ್ಷಗಳ ನಂತರ, 1932ರಲ್ಲಿ, ಹನ್ನೆರಡು ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ, ಪಿಟ್ಯುಟರಿಯಲ್ಲಿ ಬೆಳೆದ ಅತಿ ಚಿಕ್ಕ ಗೆಡ್ಡೆಯೇ ಇದಕ್ಕೆ ಕಾರಣವೆಂದು ಅವನು ಪ್ರತಿಪಾದಿಸಿದನು. ಅಂದಿನಿಂದ ಈ ಲಕ್ಷಣಸಮೂಹಕ್ಕೆ ಕುಶಿಂಗ್ ಸಿಂಡ್ರೋಮು ಎಂದು ಹೆಸರಾಗಿದೆ.

ಈ ಲಕ್ಷಣಗಳಲ್ಲಿ ಒಂದು ಕ್ರಮವಿದೆ. ಕಾರ್ಟಿಸಾಲು ಮಾಂಸವನ್ನು ಕರಗಿಸುವುದರಿಂದ ತೋಳು ತೊಡೆಗಳು ಬಡವಾಗುತ್ತವೆ. ನೆಲದಲ್ಲಿ ಕುಳಿತವರು ಕೈಯೂರದೆ ಏಳಲಾರರು. ಕೊಬ್ಬು ಮುಖಕ್ಕೂ ಹೊಟ್ಟೆಗೂ ಸರಿದು, ಕುತ್ತಿಗೆಯ ಹಿಂದೆ ಎತ್ತಿನ ಹಿಣಿಲಿನಂತೆ ಗುಡ್ಡೆಕಟ್ಟುತ್ತದೆ. ಚರ್ಮ ತೆಳುವಾಗಿ ಹೊಟ್ಟೆಯ ಮೇಲೆ ಬೆರಳಗಲದ ನೇರಿಳೆ ಬಣ್ಣದ ಪಟ್ಟೆಗಳು ಮೂಡುತ್ತವೆ. ಸಕ್ಕರೆ ಏರುವುದರಿಂದ ಮಧುಮೇಹ, ಉಪ್ಪು ಉಳಿಯುವುದರಿಂದ ರಕ್ತದ ಒತ್ತಡ, ಸುಣ್ಣದ ಅಂಶ ಕಡಮೆಯಾಗುವುದರಿಂದ ಮೂಳೆಗಳ ಟೊಳ್ಳುತನ ಉಂಟಾಗುತ್ತವೆ. ರಕ್ಷಣಾಪಡೆ ಕುಗ್ಗುವುದರಿಂದ ಸೋಂಕುಗಳು ಬೇಗ ಅಂಟುತ್ತವೆ. ಮನಸ್ಸೂ ಇದರಿಂದ ತಪ್ಪಿಸಿಕೊಳ್ಳಲಾರದು. ನಿದ್ರೆ ಕೆಡುವುದು, ಖಿನ್ನತೆ, ಕೆಲವೊಮ್ಮೆ ಭ್ರಾಂತಿ ತಲೆದೋರುತ್ತವೆ. ಚಿಕಿತ್ಸೆ ಇಲ್ಲದಿದ್ದ ಕಾಲದಲ್ಲಿ ಸುಮಾರು ಅರ್ಧದಷ್ಟು ರೋಗಿಗಳು ಐದು ವರ್ಷಗಳೊಳಗೆ ತೀರಿಕೊಳ್ಳುತ್ತಿದ್ದರು.

ದೇಹದೊಳಗೇ ಹುಟ್ಟುವ ಈ ಅತಿರೇಕಕ್ಕೆ ಮೂರು ಮೂಲಗಳಿವೆ. ನೂರರಲ್ಲಿ ಸುಮಾರು ಎಪ್ಪತ್ತು ಮಂದಿಯಲ್ಲಿ ಪಿಟ್ಯುಟರಿಯ ಗೆಡ್ಡೆಯೇ ಕಾರಣ. ಕೆಲವರಲ್ಲಿ ಅಡ್ರಿನಲಿನಲ್ಲಿಯೇ ಗೆಡ್ಡೆ. ಉಳಿದವರಲ್ಲಿ ಶ್ವಾಸಕೋಶ ಮೊದಲಾದ ಬೇರೆ ಅಂಗಗಳ ಗೆಡ್ಡೆಗಳು ಎ.ಸಿ.ಟಿ.ಎಚ್. ಅನ್ನು ಸ್ರವಿಸುತ್ತವೆ. ಹೆಂಗಸರಲ್ಲಿ ಇದು ಹೆಚ್ಚು. ಆದರೂ ಇದು ಅಪರೂಪದ ರೋಗ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಇಬ್ಬರು ಮೂವರಲ್ಲಿ ಕಾಣಿಸಿಕೊಳ್ಳುತ್ತದೆಂದು ಲೆಕ್ಕ. ಹಾಗಿದ್ದಮೇಲೆ ನಮ್ಮ ನೆರೆಮನೆಯವರಂತಹ ರೋಗಿಗಳು ಅಲ್ಲಲ್ಲಿ ಕಾಣಸಿಗುವುದು ಹೇಗೆ? ಅವರ ದೇಹದಲ್ಲಿ ಗೆಡ್ಡೆಯಿರಲಿಲ್ಲ. ಅತಿರೇಕವು ಹೊರಗಿನಿಂದ ಬಂದಿತ್ತು. ಅದು ಬಂದ ದಾರಿಯನ್ನು ಈಗ ನೋಡೋಣ.

4. ಪ್ರಯೋಗಶಾಲೆಯಿಂದ ಹೆಸರಘಟ್ಟದವರೆಗೆ

1930ರ ದಶಕದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಲನೂ ಸ್ವಿಟ್ಜರ್ಲೆಂಡಿನಲ್ಲಿ ಟಾಡಿಯಸ್ ರೈಕ್‌ಸ್ಟೈನನೂ ದನಗಳ ಅಡ್ರಿನಲ್ ತೊಗಟೆಯಿಂದ ಅನೇಕ ಸ್ಟೆರಾಯ್ಡುಗಳನ್ನು ಬೇರ್ಪಡಿಸಿದರು. ಅವುಗಳಲ್ಲೊಂದಕ್ಕೆ ಮುಂದೆ ಕಾರ್ಟಿಸೋನೆಂದು ಹೆಸರಾಯಿತು. ಇದು ದೇಹದೊಳಗೆ ಕಾರ್ಟಿಸಾಲಾಗಿ ಮಾರ್ಪಡುತ್ತದೆ. ಮೇಯೊ ಕ್ಲಿನಿಕ್ಕಿನ ವೈದ್ಯ ಫಿಲಿಪ್ ಹೆಂಚನು 1948ರ ಸೆಪ್ಟೆಂಬರಿನಲ್ಲಿ ಕೀಲುವಾತದಿಂದ ಮಂಚಹಿಡಿದಿದ್ದ ಯುವತಿಯೊಬ್ಬಳಿಗೆ ಇದನ್ನು ಚುಚ್ಚಿದನು. ಕೆಲವೇ ದಿನಗಳಲ್ಲಿ ಅವಳು ಎದ್ದು ನಡೆದಾಡಿದಳು. 1949ರಲ್ಲಿ ಈ ಸುದ್ದಿ ಜಗತ್ತಿಗೆ ತಿಳಿಯಿತು. 1950ರಲ್ಲಿ ಈ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಔಷಧವನ್ನು ನಿಲ್ಲಿಸಿದರೆ ನೋವು ಮರುಕಳಿಸುವುದೂ, ಮುಂದುವರಿಸಿದರೆ ಕುಶಿಂಗನು ವರ್ಣಿಸಿದ ದುಂಡುಮುಖವೇ ಕಾಣಿಸಿಕೊಳ್ಳುವುದೂ ಅಷ್ಟರಲ್ಲಿಯೇ ವೈದ್ಯರ ಅನುಭವಕ್ಕೆ ಬರತೊಡಗಿತ್ತು.

ಆಗ ಕಾರ್ಟಿಸೋನು ಅತ್ಯಂತ ದುರ್ಲಭ. ಮರ್ಕ್ ಕಂಪೆನಿಯ ಲೂಯಿಸ್ ಸಾರೆಟನು ದನದ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ಅದನ್ನು ತಯಾರಿಸಿದ್ದನು. ಗ್ರಾಮೊಂದಕ್ಕೆ 200 ಡಾಲರು ಬೆಲೆ. ಇದನ್ನು ಅಗ್ಗಮಾಡಿದುವು ಒಂದು ಗೆಣಸು ಮತ್ತು ಒಂದು ಬೂಷ್ಟು. ಮೆಕ್ಸಿಕೊ ದೇಶದ ಕಾಡುಗೆಣಸಿನಲ್ಲಿರುವ ಡಯೋಸ್‌ಜೆನಿನ್ ಎಂಬ ವಸ್ತುವಿನಿಂದ ಸ್ಟೆರಾಯ್ಡು ಹಾರ್ಮೋನುಗಳನ್ನು ತಯಾರಿಸಬಹುದೆಂದು ರಸೆಲ್ ಮಾರ್ಕರನು 1940ರ ದಶಕದಲ್ಲಿ ತೋರಿಸಿಕೊಟ್ಟನು. ಆದರೆ ಕಾರ್ಟಿಸೋನಾಗಬೇಕಾದರೆ ಸ್ಟೆರಾಯ್ಡಿನ ಹನ್ನೊಂದನೆಯ ಇಂಗಾಲದ ಮೇಲೆ ಆಮ್ಲಜನಕವನ್ನು ಕೂರಿಸಬೇಕು. ರಸಾಯನಶಾಸ್ತ್ರಜ್ಞರಿಗೆ ಬಹು ಕಷ್ಟವಾಗಿದ್ದ ಕೆಲಸವಿದು. 1952ರಲ್ಲಿ ಅಪ್‌ಜಾನ್ ಕಂಪೆನಿಯ ಪೀಟರ್ಸನ್ ಮತ್ತು ಮರ್ರೆ ಎಂಬುವರು ರೈಜೋಪಸ್ ಕುಲದ ಬೂಷ್ಟು ಇದನ್ನು ಒಂದೇ ಹಂತದಲ್ಲಿ ಮಾಡಿಮುಗಿಸುವುದೆಂದು ಪ್ರಕಟಿಸಿದರು. ಹಳಸಿದ ಬ್ರೆಡ್ಡಿನ ಮೇಲೆ ಬೆಳೆಯುವ ಬೂಷ್ಟು ಇದೇ ಕುಲದ್ದು. ಇದರಿಂದ ಬೆಲೆ ಥಟ್ಟನೆ ಇಳಿಯಿತು. ಅದೇ ದಶಕದಲ್ಲಿ ಕಾರ್ಟಿಸಾಲಿಗಿಂತ ಹಲವು ಪಟ್ಟು ಶಕ್ತಿಯುಳ್ಳ ಪ್ರೆಡ್ನಿಸೊಲೋನ್, ಡೆಕ್ಸಮೆಥಸೋನ್ ಮೊದಲಾದ ಕೃತಕ ಸ್ಟೆರಾಯ್ಡುಗಳೂ ಸಿದ್ಧವಾದುವು.

ಈ ಚರಿತ್ರೆಯಲ್ಲಿ ಬೆಂಗಳೂರಿನ ಪಾಲೂ ಇದೆಯೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ತಿಳಿಯದು. 1967ರಲ್ಲಿ ಸ್ಥಾಪಿತವಾದ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಮಧ್ಯ ಅಮೆರಿಕದ ಮೂಲದ ‘ಡಯಾಸ್ಕೋರಿಯ ಫ್ಲೋರಿಬಂಡ’ ಎಂಬ ಕಾಡುಗೆಣಸಿನ ಬೇಸಾಯವನ್ನು ಅಭ್ಯಸಿಸಿ ‘ಅರ್ಕಾ ಉಪಕಾರ್’ ಎಂಬ ಸುಧಾರಿತ ತಳಿಯನ್ನು ಬಿಡುಗಡೆ ಮಾಡಿತು. ಸ್ಟೆರಾಯ್ಡು ಔಷಧಗಳಿಗೆ ಬೇಕಾದ ಡಯೋಸ್‌ಜೆನಿನನ್ನು ನಮ್ಮ ನೆಲದಲ್ಲಿಯೇ ಬೆಳೆದುಕೊಳ್ಳಬೇಕೆಂಬುದು ಇದರ ಉದ್ದೇಶ. ಈ ಪ್ರಯತ್ನವನ್ನು ನಾವು ಗೌರವದಿಂದಲೇ ನೆನೆಯಬೇಕು. ಉಬ್ಬಸ, ಕೀಲುವಾತ, ಮೂತ್ರಪಿಂಡದ ಕೆಲವು ರೋಗಗಳು, ಅಂಗಾಂಗ ಕಸಿ ಮುಂತಾದುವುಗಳಲ್ಲಿ ಸ್ಟೆರಾಯ್ಡು ಉಳಿಸಿದ ಜೀವಗಳು ಅಸಂಖ್ಯಾತ. ದೋಷವು ಔಷಧದಲ್ಲಿಲ್ಲ, ಅದರ ಪ್ರಮಾಣವನ್ನೂ ಕಾಲವನ್ನೂ ನಾವು ಮರೆತದ್ದರಲ್ಲಿದೆ.

5. ನಮ್ಮ ಕಾಲದ ಅತಿರೇಕ

ಇಂದು ಕುಶಿಂಗ್ ಲಕ್ಷಣಗಳಿಗೆ ಅತಿ ಸಾಮಾನ್ಯವಾದ ಕಾರಣ ಗೆಡ್ಡೆಯಲ್ಲ, ಔಷಧರೂಪದಲ್ಲಿ ದೇಹವನ್ನು ಸೇರುವ ಸ್ಟೆರಾಯ್ಡು. ಲೆಕ್ಕವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ದೇಹವು ತಯಾರಿಸುವ ವಸ್ತುವಿನ 20 ಮಿಲಿಗ್ರಾಮಿಗೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನು ಸಮ. ಡೆಕ್ಸಮೆಥಸೋನಾದರೆ ಮುಕ್ಕಾಲು ಮಿಲಿಗ್ರಾಮು ಸಾಕು. ಕಣ್ಣಿಗೆ ಕಾಣದಷ್ಟು ಚಿಕ್ಕ ಪ್ರಮಾಣವೇ ಒಂದು ದಿನದ ಸ್ವಾಭಾವಿಕ ಉತ್ಪತ್ತಿಯನ್ನು ಮೀರಬಲ್ಲುದು. ನೋವಿನ ಪುಡಿಗಳಲ್ಲಿ ಹೇಳದೆ ಬೆರೆಸಲು ಇದು ಕಳ್ಳವ್ಯಾಪಾರಿಗಳಿಗೆ ಅನುಕೂಲವಾಗಿದೆ. ಮುಖದ ಬಣ್ಣ ತಿಳಿಯಾಗಲೆಂದು ಹಚ್ಚುವ ಕ್ರೀಮುಗಳಲ್ಲಿಯೂ ಪ್ರಬಲವಾದ ಸ್ಟೆರಾಯ್ಡುಗಳಿರುವುದುಂಟು. ಈ ದುರುಪಯೋಗವನ್ನು ತಡೆಯಲೆಂದು ಕೇಂದ್ರ ಸರ್ಕಾರವು 2018ರ ಮಾರ್ಚಿನಲ್ಲಿ ಹದಿನಾಲ್ಕು ಬಗೆಯ ಸ್ಟೆರಾಯ್ಡು ಲೇಪಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಮಾರಬಾರದೆಂದು ವಿಧಿಸಿತು.

ಇದಕ್ಕಿಂತ ದೊಡ್ಡ ಪಾಠ 2020-21ರ ಕೋವಿಡ್ ಪಿಡುಗಿನಲ್ಲಿ ದೊರೆಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದವರ ‘ರಿಕವರಿ’ ಎಂಬ ಪರೀಕ್ಷೆಯ ಫಲಿತಾಂಶ 2020ರ ಜೂನಿನಲ್ಲಿ ಹೊರಬಿದ್ದಿತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಮೆಥಸೋನನ್ನು ಹತ್ತು ದಿನಗಳಿಗೆ ಮೀರದಂತೆ ಕೊಟ್ಟಾಗ, ಉಸಿರಾಟದ ಯಂತ್ರದಲ್ಲಿದ್ದವರ ಮರಣ ಮೂರನೆಯ ಒಂದು ಭಾಗದಷ್ಟೂ, ಆಮ್ಲಜನಕ ಮಾತ್ರ ಪಡೆಯುತ್ತಿದ್ದವರ ಮರಣ ಐದನೆಯ ಒಂದು ಭಾಗದಷ್ಟೂ ಕಡಮೆಯಾಯಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಯಾವ ಪ್ರಯೋಜನವೂ ಕಾಣಲಿಲ್ಲ. ಈ ಫಲಿತಾಂಶದ ಮೊದಲರ್ಧವನ್ನು ಎಲ್ಲರೂ ಕೇಳಿದರು. ಉತ್ತರಾರ್ಧವನ್ನು ಅನೇಕರು ಕೇಳಲಿಲ್ಲ. ಮರುವರ್ಷದ ಎರಡನೆಯ ಅಲೆಯಲ್ಲಿ ಮನೆಯಲ್ಲಿಯೇ ಇದ್ದವರೂ ಜ್ವರ ಬಂದ ಮೊದಲ ದಿನದಿಂದಲೇ ಸ್ಟೆರಾಯ್ಡು ನುಂಗಿದ ಉದಾಹರಣೆಗಳುಂಟು. ಮಧುಮೇಹವಿದ್ದವರಲ್ಲಿ ಸಕ್ಕರೆ ಮತ್ತಷ್ಟು ಏರಿತು, ರಕ್ಷಣಾಪಡೆ ಕುಗ್ಗಿತು, ‘ಕಪ್ಪು ಶಿಲೀಂಧ್ರ’ವೆಂದು ಜನ ಕರೆದ ಮ್ಯೂಕರ್‌ಮೈಕೋಸಿಸ್ ಮೂಗು, ಕಣ್ಣು, ಮಿದುಳುಗಳನ್ನು ಹೊಕ್ಕಿತು. 2021ರ ಜೂನ್ 28ರ ವೇಳೆಗೆ ದೇಶದಲ್ಲಿ 40,845 ಪ್ರಕರಣಗಳು ವರದಿಯಾಗಿದ್ದು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ಟೆರಾಯ್ಡು ಪಡೆದವರೆಂದೂ ನೂರಕ್ಕೆ 64 ಮಂದಿ ಮಧುಮೇಹಿಗಳೆಂದೂ ಸರ್ಕಾರ ತಿಳಿಸಿತು. ಆ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಈ ರೋಗವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ರೋಗವೆಂದು ಘೋಷಿಸಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಇದಕ್ಕೆ ಪ್ರತ್ಯೇಕ ಚಿಕಿತ್ಸೆಯ ಏರ್ಪಾಡಾಯಿತು.

ಈ ರೋಗವನ್ನು ಉಂಟುಮಾಡುವ ಶಿಲೀಂಧ್ರಗಳಲ್ಲಿ ಮುಖ್ಯವಾದುದು ರೈಜೋಪಸ್. 1952ರಲ್ಲಿ ಕಾರ್ಟಿಸೋನನ್ನು ಬಡವರ ಕೈಗೂ ಎಟುಕುವಂತೆ ಮಾಡಿದ ಕುಲವೇ 2021ರಲ್ಲಿ ಅದರ ದುರ್ಬಳಕೆಯ ದಾರಿಯಿಂದ ಒಳನುಗ್ಗಿತು.

6. ಅತಿರೇಕದೊಳಗಿನ ಅಭಾವ

ಈಗ ನಮ್ಮ ಮೊದಲ ಪ್ರಶ್ನೆಗೆ ಹಿಂದಿರುಗಬಹುದು. ನೀರಗಂಟಿಯು ನೀರಿನ ಮಟ್ಟವನ್ನು ಮಾತ್ರ ನೋಡುತ್ತಾನೆಂದು ಹೇಳಿದೆವಷ್ಟೆ. ಹೊರಗಿನಿಂದ ಸ್ಟೆರಾಯ್ಡು ಸುರಿಯುತ್ತಿರುವಾಗ ಪಿಟ್ಯುಟರಿಯು ತನ್ನ ಅಪ್ಪಣೆಯನ್ನು ನಿಲ್ಲಿಸಿಬಿಡುತ್ತದೆ. ಅಪ್ಪಣೆಯಿಲ್ಲದ ಅಡ್ರಿನಲ್ ತೊಗಟೆಯು ವಾರಗಳು ತಿಂಗಳುಗಳು ಕಳೆದಂತೆ ಕುಗ್ಗಿ ಕೆಲಸವನ್ನು ಮರೆಯುತ್ತದೆ. ಇಂಥವರ ಮುಖದಲ್ಲಿ ಕುಶಿಂಗನ ಲಕ್ಷಣ. ರಕ್ತವನ್ನು ಪರೀಕ್ಷಿಸಿದರೆ ಅವರ ಸ್ವಂತ ಕಾರ್ಟಿಸಾಲು ಅತ್ಯಲ್ಪ. ಪುಡಿಯನ್ನು ನಿಲ್ಲಿಸಿದ ದಿನ ಹೊರಗಿನ ಸರಬರಾಜು ಮುಗಿಯಿತು. ಒಳಗಿನ ಕಾರ್ಖಾನೆ ಇನ್ನೂ ತೆರೆದಿಲ್ಲ. ಅತಿರೇಕದ ರೋಗಿ ಕೆಲವೇ ದಿನಗಳಲ್ಲಿ ಅಡಿಸನ್ನನ ರೋಗಿಯಾಗಿ ಮಾರ್ಪಡುತ್ತಾನೆ. 1855ರ ರೋಗವೂ 1932ರ ರೋಗವೂ ಒಂದೇ ದೇಹದಲ್ಲಿ ಮನೆಮಾಡಿರುತ್ತವೆ. ಆದಕಾರಣ, ಮೂರು ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ಸ್ಟೆರಾಯ್ಡು ಸೇವಿಸಿದವರು ವೈದ್ಯರ ಮೇಲ್ವಿಚಾರಣೆಯಲ್ಲಿ ಅದನ್ನು ಹಂತಹಂತವಾಗಿ ಇಳಿಸಬೇಕೇ ಹೊರತು ತಾವಾಗಿ ನಿಲ್ಲಿಸಬಾರದು. ಜ್ವರ, ಅಪಘಾತ, ಶಸ್ತ್ರಚಿಕಿತ್ಸೆಗಳ ಸಂದರ್ಭದಲ್ಲಿ ತಾವು ಸ್ಟೆರಾಯ್ಡು ಸೇವಿಸಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ದೇಹದೊಳಗಿನ ಅತಿರೇಕವನ್ನು ಪತ್ತೆಮಾಡುವುದು ಇನ್ನೂ ಸೂಕ್ಷ್ಮವಾದ ಕೆಲಸ. ರಾತ್ರಿ ಹನ್ನೊಂದಕ್ಕೆ 1 ಮಿಲಿಗ್ರಾಂ ಡೆಕ್ಸಮೆಥಸೋನನ್ನು ಕೊಟ್ಟು ಮರುದಿನ ಬೆಳಗ್ಗೆ ರಕ್ತವನ್ನು ಪರೀಕ್ಷಿಸುವುದು ಒಂದು ವಿಧಾನ. ಸ್ವಸ್ಥರಲ್ಲಿ ಕಾರ್ಟಿಸಾಲು ಡೆಸಿಲೀಟರಿಗೆ 1.8 ಮೈಕ್ರೋಗ್ರಾಮಿಗಿಂತ ಕೆಳಗಿಳಿಯುತ್ತದೆ. ಕುಶಿಂಗ್ ರೋಗಿಗಳಲ್ಲಿ ಇಳಿಯುವುದಿಲ್ಲ. 24 ಗಂಟೆಗಳ ಮೂತ್ರದಲ್ಲಿ ಕಾರ್ಟಿಸಾಲನ್ನು ಅಳೆಯುವುದು ಇನ್ನೊಂದು. ನಡುರಾತ್ರಿಯ ಜೊಲ್ಲಿನಲ್ಲಿ ಅದನ್ನು ಅಳೆಯುವುದು ಮತ್ತೊಂದು. ಕಾರ್ಟಿಸಾಲು ಕನಿಷ್ಠವಾಗಿರಬೇಕಾದ ಹೊತ್ತಿನಲ್ಲಿ ಅದು ಇಳಿದಿದೆಯೇ ಎಂಬುದೇ ಅಲ್ಲಿನ ಪ್ರಶ್ನೆ.

ಇಲ್ಲಿ ವೈಟ್‌ಫೀಲ್ಡಿನ ನಿವಾಸಿಗಳು ಗಮನಿಸಬೇಕಾದ ಸಂಗತಿಯೊಂದಿದೆ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ನೀಡಿದ ಭೂಮಿಯಲ್ಲಿ ಡಿ. ಎಸ್. ವೈಟ್ ಎಂಬವರ ನೇತೃತ್ವದ ಆಂಗ್ಲೋ-ಇಂಡಿಯನ್ ಸಂಘವು ಬೇಸಾಯಗಾರರ ವಸತಿಯಾಗಿ ಕಲ್ಪಿಸಿದ ಊರಿದು. ಹೊತ್ತು ಹುಟ್ಟಿದಾಗ ಎದ್ದು ಹೊತ್ತು ಮುಳುಗಿದಾಗ ಮಲಗುವ ಬದುಕು ಬೇಸಾಯಗಾರರದು. 1990ರ ದಶಕದಿಂದೀಚೆಗೆ ಮಾಹಿತಿ ತಂತ್ರಜ್ಞಾನದ ಕಚೇರಿಗಳು ಬಂದಮೇಲೆ ಸಮುದ್ರದಾಚೆಯ ಗಡಿಯಾರಕ್ಕೆ ಹೊಂದಿಕೊಂಡು ರಾತ್ರಿಯಿಡೀ ದುಡಿಯುವವರೂ, ಅವರನ್ನು ಕರೆದೊಯ್ಯುವ ಚಾಲಕರೂ, ಕಟ್ಟಡ ಕಾಯುವ ಕಾವಲುಗಾರರೂ ಇಲ್ಲಿ ನೆಲೆಸಿದ್ದಾರೆ. ಇಂಥವರಲ್ಲಿ ಕಾರ್ಟಿಸಾಲಿನ ಏರಿಳಿತ ಹೆಚ್ಚುಕಡಮೆ ಸ್ಥಾನಪಲ್ಲಟವಾಗಿರುವುದರಿಂದ ನಡುರಾತ್ರಿಯ ಜೊಲ್ಲಿನ ಪರೀಕ್ಷೆ ಅವರ ಮಟ್ಟಿಗೆ ನಂಬಲರ್ಹವಲ್ಲ. ತಾವು ರಾತ್ರಿ ಪಾಳಿಯವರೆಂಬುದನ್ನು ಅವರು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಹಾಗೆಂದು ನಿದ್ರೆಗೆಟ್ಟು ದಣಿದವರೆಲ್ಲರೂ, ತೂಕ ಹೆಚ್ಚಿದವರೆಲ್ಲರೂ ಕುಶಿಂಗ್ ರೋಗಿಗಳೆಂದು ಭಾವಿಸುವುದೂ ತಪ್ಪು. ಮಾನಸಿಕ ಒತ್ತಡದಿಂದ ಕಾರ್ಟಿಸಾಲು ಸ್ವಲ್ಪ ಏರುವುದು ಬೇರೆ, ಈ ರೋಗ ಬೇರೆ. ಸಾಮಾನ್ಯ ಬೊಜ್ಜಿನಲ್ಲಿ ಕೈಕಾಲುಗಳೂ ದಪ್ಪವಾಗುತ್ತವೆ. ಇಲ್ಲಿ ಒಡಲು ಉಬ್ಬಿ ಕೈಕಾಲುಗಳು ಸೊರಗುತ್ತವೆ. ಅಗಲವಾದ ನೇರಿಳೆ ಪಟ್ಟೆ, ಕಾರಣವಿಲ್ಲದೆ ಕಂದುವ ಚರ್ಮ, ಮೆಟ್ಟಿಲು ಹತ್ತಲಾಗದ ತೊಡೆಯ ಬಲಹೀನತೆ ಎಂಬಿವು ಜೊತೆಗೂಡಿದ್ದರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು.

ಪಿಟ್ಯುಟರಿಯ ಗೆಡ್ಡೆಯನ್ನು ಮೂಗಿನ ದಾರಿಯಿಂದ ಸೂಕ್ಷ್ಮದರ್ಶಕದ ನೆರವಿನಲ್ಲಿ ತೆಗೆಯುವ ಶಸ್ತ್ರಚಿಕಿತ್ಸೆ 1960ರ ದಶಕದಿಂದೀಚೆಗೆ ಬೆಳೆದುಬಂದಿದೆ. ಅಡ್ರಿನಲ್ ಗೆಡ್ಡೆಯಾದರೆ ಆ ಗ್ರಂಥಿಯನ್ನೇ ತೆಗೆಯುತ್ತಾರೆ. ನರಶಸ್ತ್ರಚಿಕಿತ್ಸೆಗಾಗಿ ದೂರದೇಶಕ್ಕೆ ಹೋಗಬೇಕಾದ ಕಾಲ ಇದಲ್ಲ. 2001ರ ಜನವರಿಯಲ್ಲಿ ವೈಟ್‌ಫೀಲ್ಡಿನಲ್ಲಿಯೇ ಆರಂಭವಾದ ಶ್ರೀ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆಯು ಹೃದಯ ಮತ್ತು ನರಮಂಡಲದ ರೋಗಗಳಿಗೆ ಹಣ ಪಡೆಯದೆ ಚಿಕಿತ್ಸೆ ನೀಡುವ ಆಸ್ಪತ್ರೆಯಾಗಿ ಹೆಸರು ಪಡೆದಿದೆ.

7. ಉಪಸಂಹಾರ

ಅತಿಯಾದರೆ ಅಮೃತವೂ ವಿಷವೆಂಬುದು ನಮ್ಮವರ ಹಳೆಯ ಮಾತು. ಅಡ್ರಿನಲಿನ ಚರಿತ್ರೆಯು ಅದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆ: ಅತಿಯನ್ನು ಬಿಡುವುದಕ್ಕೂ ಒಂದು ಕ್ರಮವುಂಟು. ಮೂರು ಶತಮಾನಗಳ ಹಿಂದೆ ಬೋರ್ಡೊ ನಗರದ ವಿದ್ವಾಂಸರಿಗೆ ಉತ್ತರ ತಿಳಿದಿರಲಿಲ್ಲ, ನಮಗೆ ತಿಳಿದಿದೆ. ತಿಳಿದುದು ಔಷಧದಂಗಡಿಯ ಕಟ್ಟೆಯವರೆಗೂ ಮುಟ್ಟದಿದ್ದರೆ ಆ ಕೊರತೆಗೆ ಉಪಾಧ್ಯಾಯರಾದ ನಾವೂ ಸ್ವಲ್ಪಮಟ್ಟಿಗೆ ಹೊಣೆಗಾರರು. ತರಗತಿಯಲ್ಲಿ ಕುಳಿತ ವಿದ್ಯಾರ್ಥಿಯ ಮನೆಯಲ್ಲಿ ಇಂತಹ ಪೊಟ್ಟಣವೊಂದು ಇರುವುದು ಅಸಂಭವವೇನಲ್ಲ.

ನಮ್ಮ ನೆರೆಮನೆಯವರು ಈಗ ಗುಣಮುಖರಾಗುತ್ತಿದ್ದಾರೆ. ಅವರ ಅಡ್ರಿನಲುಗಳು ಮತ್ತೆ ಎಚ್ಚರಗೊಳ್ಳಲು ಒಂದು ವರ್ಷವಾದರೂ ಹಿಡಿಯಬಹುದೆಂದು ವೈದ್ಯರು ಹೇಳಿದ್ದಾರೆ. ದಿನವೂ ಬೆಳಗ್ಗೆ ಅವರು ನುಂಗಬೇಕಾದ ಮಾತ್ರೆ ತಿಂಗಳು ತಿಂಗಳಿಗೂ ಸ್ವಲ್ಪಸ್ವಲ್ಪವೇ ಚಿಕ್ಕದಾಗುತ್ತಿದೆ. ಮುಖದ ದುಂಡುತನ ಇಳಿದುದನ್ನು ಕಂಡು ‘ಏಕೆ, ಬಡವಾಗಿದ್ದೀರಿ?’ ಎಂದು ಕೇಳುವವರಿಗೆ ಅವರು ಈಗ ಕಾರಣವನ್ನು ಬಿಡಿಸಿ ಹೇಳುತ್ತಾರೆ. ಅವರ ಮಾತನ್ನು ಕೇಳಿ ಆ ಬೀದಿಯ ಇನ್ನಿಬ್ಬರು ತಮ್ಮ ಪೊಟ್ಟಣಗಳನ್ನು ಎಸೆಯದೆ ವೈದ್ಯರ ಬಳಿಗೆ ಕೊಂಡೊಯ್ದರು.